ಕಲಿತದ್ದು ಲೇತು, ಕೂತದ್ದು ಬ್ಯಾಂಕು

ಸರ್ಕಾರದ ಖರ್ಚಿನಲ್ಲಿ ಒಂದು ವಿದ್ಯೆ ಕಲಿತು, ಇನ್ನೊಂದರಲ್ಲಿ ಹೊಟ್ಟೆ ಹೊರೆಯುವುದಕ್ಕೆ ವೃತ್ತಿಪಲ್ಲಟ ಎಂದು ಹೆಸರು. ಊರ ಐಟಿಐಯಲ್ಲಿ ಫಿಟ್ಟರ್ ಕಲಿತವನು ಬೇಕರಿ ಇಟ್ಟರೆ ಅದು ಹಣೆಬರಹ. ಐಐಟಿಯಲ್ಲಿ ಕಲಿತವನು ಇಟ್ಟರೆ ಸ್ಟಾರ್ಟಪ್. ದೇಶಕ್ಕಾದ ನಷ್ಟದ ಮಾತು ಬರುವುದು ಎರಡನೆಯವನ ವಿಷಯದಲ್ಲಿ ಮಾತ್ರ.

ಮೊದಲ ಐಐಟಿ ಖರಗ್‌ಪುರದಲ್ಲಿ 1951ರಲ್ಲಿ ಶುರುವಾಯಿತು. ಅದಕ್ಕೆ ಸಿಕ್ಕ ಕಟ್ಟಡ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿ ಬಂಧನ ಶಿಬಿರ. ಒಳಗಿದ್ದವರು ಹೊರಬೀಳುವ ದಾರಿ ಹುಡುಕುವುದು ಆ ಗೋಡೆಗಳಿಗೆ ಹೊಸದೇನಲ್ಲ. ಹತ್ತು ವರ್ಷ ಕಳೆದು, 1961ರಲ್ಲಿ, ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಐಐಎಂಗಳು ತೆರೆದಾಗ ಆ ದಾರಿಗೆ ಬಾಗಿಲೂ ಸಿಕ್ಕಿತು.

ಪಲ್ಲಟದ ಬೇರು ಪ್ರವೇಶ ಪರೀಕ್ಷೆಯಲ್ಲಿದೆ. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಜೆಇಇ, ಯಾರಿಗೆ ಲೇತ್ ಯಂತ್ರದ ಮೇಲೆ ಪ್ರೀತಿ ಇದೆ ಎಂದು ಕೇಳುವುದಿಲ್ಲ. ಬ್ರಾಂಚನ್ನು ರ‍್ಯಾಂಕು ಆರಿಸುತ್ತದೆ. ರ‍್ಯಾಂಕನ್ನು ಬೀದಿಗೆಲ್ಲ ಹಂಚುವ ಹೊಣೆ ತಾಯಿಯದು. ಹೀಗೆ ಆರಿಸಿ ತಂದ ಹುಡುಗನಿಗೆ ಖಚಿತವಾಗಿ ಬರುವ ವಿದ್ಯೆ ಒಂದೇ, ಪರೀಕ್ಷೆ ಬರೆಯುವುದು. ಆದ್ದರಿಂದ ಅವನು ಕ್ಯಾಟ್ ಬರೆಯುತ್ತಾನೆ, ಇಲ್ಲವೇ ಯುಪಿಎಸ್‌ಸಿ ಬರೆಯುತ್ತಾನೆ.

ಮುಂಬೈ ಐಐಟಿಯಲ್ಲಿ ಲೋಹಶಾಸ್ತ್ರ ಓದಿದ ಮನೋಹರ ಪರಿಕ್ಕರ್ ಗೋವಾದ ಮುಖ್ಯಮಂತ್ರಿಯಾದರು. ದಿಲ್ಲಿಯಲ್ಲಿ ಎಲೆಕ್ಟ್ರಿಕಲ್ ಓದಿದ ರಘುರಾಮ್ ರಾಜನ್ ಅಹಮದಾಬಾದಿನ ಮೂಲಕ ಅರ್ಥಶಾಸ್ತ್ರಕ್ಕೆ ಹಾಯ್ದು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ದಿಲ್ಲಿಯಲ್ಲೇ ಮೆಕ್ಯಾನಿಕಲ್ ಓದಿ, ಬ್ಯಾಂಕಿಗೆ ಹೋಗಿ, ಕಾದಂಬರಿಕಾರರಾದ ಚೇತನ್ ಭಗತ್ 2004ರಲ್ಲಿ ಬರೆದ ಮೊದಲ ಕಾದಂಬರಿಯ ವಸ್ತು ಐಐಟಿಯ ಹುಡುಗರ ಪಾಡು. ಐಐಟಿಯಲ್ಲಿ ಕಲಿತದ್ದನ್ನು ನೇರವಾಗಿ ಕಸುಬಿಗೆ ಬಳಸಿದವರಲ್ಲಿ ಅವರನ್ನೂ ಸೇರಿಸಬೇಕು.

ನಷ್ಟದ ಲೆಕ್ಕ ಸುಲಭವಲ್ಲ. 2016ರಲ್ಲಿ ಐಐಟಿಯ ವಾರ್ಷಿಕ ಬೋಧನಾ ಶುಲ್ಕ 90 ಸಾವಿರದಿಂದ 2 ಲಕ್ಷಕ್ಕೆ ಏರಿದರೂ ತುಂಬದೆ ಉಳಿದ ಖರ್ಚು ತೆರಿಗೆ ಕಟ್ಟುವವರ ತಲೆಯ ಮೇಲೇ ಇದೆ. ವಿದೇಶಕ್ಕೆ ಹಾರುವ ಪ್ರತಿಭಾವಂತರ ಮೇಲೆ ತೆರಿಗೆ ಹಾಕಬೇಕೆಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲಿ ಸೂಚಿಸಿದ್ದರು. ಲೋಹಶಾಸ್ತ್ರ ಬಿಟ್ಟು ಸೋಪು ಮಾರುವ ಕಂಪನಿಗೆ ಹಾರುವವರು ಆ ಬಲೆಗೆ ಬೀಳುವುದಿಲ್ಲ. ಅವರು ದೇಶದೊಳಗೇ ಕಾಣೆಯಾದವರು. ಎಡವಟ್ಟೆಂದರೆ, ನಷ್ಟ ತಿರುಗಿಯೂ ಬೀಳುತ್ತದೆ. 1962ರಲ್ಲಿ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟ ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ, ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸುವ ಸಲುವಾಗಿ ಆಟದಿಂದ ದೂರ ಉಳಿದು, ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆ ಐದು ವರ್ಷ ನಿಶ್ಚಿಂತೆಯಿಂದಿದ್ದವರು ಎದುರಾಳಿ ಬ್ಯಾಟ್ಸ್‌ಮನ್‌ಗಳು.

ಎಂಜಿನಿಯರು ತಪ್ಪಿಸಿಕೊಂಡರೆ ಸೇತುವೆ ಒಂದು ವರ್ಷ ಕಾಯುತ್ತದೆ, ಜ್ವರ ಕಾಯುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ಹಳ್ಳಿಯಲ್ಲಿ ಸೇವೆ ಮಾಡಲಿ ಎಂದು ಕರ್ನಾಟಕ 2012ರಲ್ಲಿ ಕಾಯ್ದೆಯನ್ನೇ ಮಾಡಿತು. ಎಂಜಿನಿಯರುಗಳಿಗೆ ಅಂಥ ಕಾಯ್ದೆ ಬೇಕೆಂದು ಯಾವ ಹಳ್ಳಿಯೂ ಕೇಳಿದಂತಿಲ್ಲ. ಸ್ಟೆತಾಸ್ಕೋಪ್ ಕಳಚಿಟ್ಟು ಐಎಎಸ್ ಪಾಸಾಗುವ ಡಾಕ್ಟರರಂತೂ ಹಳ್ಳಿಗೆ ಹೋಗಿಯೇ ಹೋಗುತ್ತಾರೆ, ಜಿಲ್ಲಾಧಿಕಾರಿಯ ಕಾರಿನಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರಿಲ್ಲ ಎಂದು ಊರವರು ಅರ್ಜಿ ಕೊಡುತ್ತಾರೆ. ಸಾಹೇಬರು ಅದರ ಮೇಲೊಂದು ಷರಾ ಬರೆಯುತ್ತಾರೆ. ಏನು ಬರೆದಿದ್ದಾರೆಂದು ತಿಳಿಯಲು ಗುಮಾಸ್ತ ಮೆಡಿಕಲ್ ಷಾಪಿಗೆ ಹೋಗಬೇಕಾಗುತ್ತದೆ.