ಮುಖದ ಪ್ರಭಾರದಿಂದ ನನ್ನನ್ನು ಬಿಡುಗಡೆ ಮಾಡಿ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಒಬ್ಬರೇ ಮೂರು ಹುದ್ದೆಗಳ ಪ್ರಭಾರ ಹೊತ್ತಿರುವುದು ಹೊಸದೇನಲ್ಲ. ಆದರೆ ಗಂಡಸರ ಬಚ್ಚಲುಮನೆಯಲ್ಲಿ ಸ್ನಾನದ ಸೋಪು ಹೊತ್ತಷ್ಟು ಪ್ರಭಾರವನ್ನು ಯಾವ ತಹಶೀಲ್ದಾರರೂ ಹೊತ್ತಿರಲಾರರು. ಮೈ ತೊಳೆಯುವುದು ಅದರ ಮೂಲ ಹುದ್ದೆ. ಜೊತೆಗೆ ತಲೆ, ಮುಖ, ಅವಸರವಿದ್ದಾಗ ಗಡ್ಡಕ್ಕೆ ನೊರೆ, ಲಾಡ್ಜಿನಲ್ಲಿ ಉಳಿದಾಗ ಬನಿಯನ್ನು ಮತ್ತು ಕಾಲುಚೀಲ. ಇಷ್ಟೆಲ್ಲ ಮಾಡಿಸಿಕೊಳ್ಳುವ ಗಂಡಸನ್ನು ಕೇಳಿ ನೋಡಿ, 'ನಾನು ಮುಖಕ್ಕೆ ಏನೂ ಮಾಡೋದಿಲ್ಲ' ಎನ್ನುತ್ತಾನೆ, ಅದೂ ಒಂದಿಷ್ಟು ಹೆಮ್ಮೆಯಿಂದ. ಈ ಹೇಳಿಕೆ ಎಷ್ಟು ನಿಜ ಎಂದು ತಿಳಿಯಲು ದಿನಾ ಬೆಳಗ್ಗೆ ಸ್ಥಳದಲ್ಲೇ ಇರುವ ಸಾಕ್ಷಿಯನ್ನು ಮಾತಾಡಿಸಿದೆವು. ಕಂಪನಿಯ ಹೆಸರು ಬರೆಯಕೂಡದೆಂಬ ಷರತ್ತಿನ ಮೇಲೆ ಸೋಪು ಒಪ್ಪಿತು. ಅರ್ಧ ಸವೆದಿತ್ತು, ಮೈಗೊಂದು ಕೂದಲು ಅಂಟಿತ್ತು. ಅದು ನಮ್ಮ ಕಣ್ಣಿಗೆ ಬೀಳಲಿಲ್ಲವೆಂಬಂತೆ ಪ್ರಶ್ನೆ ಶುರುಮಾಡಿದೆವು.

ತೊಳೆಯುವುದೇ ನಿಮ್ಮ ಕಸುಬು. ಮುಖ ತೊಳೆಯಲು ಏನು ತಕರಾರು?

ಸೋಪು: ತೊಳೆಯುವುದಕ್ಕೆ ತಕರಾರಿಲ್ಲ ಸ್ವಾಮಿ, ಜಾಗಕ್ಕೆ ತಕರಾರು. ತಾಳೆಎಣ್ಣೆಯಂಥ ಕೊಬ್ಬಿಗೆ ಕಾಸ್ಟಿಕ್ ಸೋಡಾ ಬೆರೆಸಿ ನನ್ನನ್ನು ಹುಟ್ಟಿಸಿದ್ದಾರೆ. ಹುಟ್ಟುಗುಣ ಎಲ್ಲಿಗೆ ಹೋದೀತು? ನೀರಿಗಿಳಿದರೆ ನನ್ನ ಪಿಎಚ್ 9ರಿಂದ 10, ಅಂದರೆ ಕ್ಷಾರ. ನಿಮ್ಮ ಚರ್ಮದ ಮೇಲ್ಮೈ ಕೊಂಚ ಹುಳಿ, 5ರ ಆಸುಪಾಸು. ಪಿಎಚ್ ಲೆಕ್ಕದಲ್ಲಿ ಒಂದಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. ನಾಲ್ಕಂಕಿ ಎಂದರೆ ಹತ್ತು ಸಾವಿರ ಪಟ್ಟು. ಹೊರಪದರದ ಸತ್ತ ಕೋಶಗಳ ನಡುವೆ ತೆಳ್ಳಗೆ ಕೊಬ್ಬು ಕೂತಿರುತ್ತದೆ, ಒಳಗಿನ ನೀರು ಆರಿಹೋಗದಂತೆ ಕಾಯುವುದು ಅದೇ. ರಸ್ತೆಯ ಧೂಳು ಹಿಡಿದ ಜಿಡ್ಡು ಯಾವುದು, ಈ ಕಾವಲಿನ ಕೊಬ್ಬು ಯಾವುದು ಎಂದು ವಿಚಾರಿಸುವ ವ್ಯವಧಾನ ನನಗಿಲ್ಲ, ಎರಡನ್ನೂ ಎತ್ತಿಕೊಂಡು ಹೋಗುತ್ತೇನೆ. ಮುಖ ತೊಳೆದ ಮೇಲೆ ಕೆನ್ನೆ ಬಿಗಿದು ಬರುತ್ತದಲ್ಲ, ಗಂಡಸರು ಅದನ್ನೇ ಸ್ವಚ್ಛವಾದ ಗುರುತೆಂದು ನಂಬಿದ್ದಾರೆ. ಅದು ಚರ್ಮ ಕೊಡುತ್ತಿರುವ ದೂರು. ಇನ್ನೊಂದು ಮನೆಯ ಗುಟ್ಟು ಹೇಳಲೇ? ನಾನು ಹುಟ್ಟುವಾಗ ಜೊತೆಯಲ್ಲೇ ಗ್ಲಿಸರಿನ್ ಹುಟ್ಟುತ್ತದೆ. ನೀರನ್ನು ಹಿಡಿದಿಡುವುದು ಅದರ ಗುಣ. ದೊಡ್ಡ ಕಾರ್ಖಾನೆಗಳಲ್ಲಿ ಅದರ ಬಹುಪಾಲನ್ನು ನನ್ನಿಂದ ತೆಗೆದು ಬೇರೆಯಾಗಿ ಮಾರುತ್ತಾರೆ. ಅದು ಹೋಗಿ ಸೇರುವ ಮನೆಗಳಲ್ಲಿ ಮಾಯಿಶ್ಚರೈಸರ್ ಬಾಟಲಿಯೂ ಒಂದು. ಮೊದಲು ನನ್ನಿಂದ ಮುಖ ಒಣಗಿಸಿಕೊಳ್ಳಿ, ಆಮೇಲೆ ನನ್ನ ಒಡಹುಟ್ಟನ್ನೇ ದುಡ್ಡು ಕೊಟ್ಟು ತನ್ನಿ. ಅಂಗಡಿಯವನಿಗೆ ಎರಡೂ ಕಡೆ ಲಾಭ.

ಇಲ್ಲಿ ಸೋಪಿನ ಪರವಾಗಿಯೂ ಒಂದು ಮಾತು ಹೇಳಬೇಕು. ರ್‍ಯಾಪರಿನ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದ ಪ್ರಕಾರ 76ಕ್ಕೆ ಕಡಿಮೆಯಿಲ್ಲದ್ದು ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. 'ಬಾತಿಂಗ್ ಬಾರ್' ಎಂದು ಬರೆದಿದ್ದರೆ 40 ಇದ್ದರೂ ಸಾಕು. ದಿನಾ ಮೈಗೆ ತಿಕ್ಕುವ ವಸ್ತುವಿನ ಈ ಅಂಕಿಯನ್ನು ಓದುವ ಗಂಡಸು, ಬೈಕಿನ ಮೈಲೇಜು ಬಾಯಿಪಾಠ ಒಪ್ಪಿಸುವ ಗಂಡಸಿನಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಂತ ಮೊದಲ ದರ್ಜೆ ತಂದರೆ ಮುಖದ ಪ್ರಶ್ನೆ ಮುಗಿಯಿತು ಎಂದಲ್ಲ. ದರ್ಜೆ ಏರಿದರೆ ಗುಣಮಟ್ಟ ಏರುತ್ತದೆ, ಕ್ಷಾರ ಕ್ಷಾರವಾಗಿಯೇ ಉಳಿಯುತ್ತದೆ.

ಅಜ್ಜ ಒಂದೇ ಸೋಪಿನಲ್ಲಿ ತೊಂಬತ್ತು ವರ್ಷ ಬಾಳಿದರು, ಏನೂ ಆಗಲಿಲ್ಲ ಎನ್ನುತ್ತಾರಲ್ಲ?

ಸೋಪು: ಅಜ್ಜಂದಿರನ್ನು ಎಳೆದು ತರುವವರು ಅವರ ದಿನಚರಿಯನ್ನೂ ತರಬೇಕು. ವಾರಕ್ಕೊಮ್ಮೆ ಮೈತುಂಬ ಎಣ್ಣೆ ತಿಕ್ಕಿಸಿಕೊಂಡು ನೆನೆದು, ಸೀಗೆಪುಡಿ, ಕಡಲೆಹಿಟ್ಟಿನಲ್ಲಿ ಜಿಡ್ಡು ತೆಗೆದ ತಲೆಮಾರು ಅದು. ನನಗೂ ಅವರಿಗೂ ಅಷ್ಟೇನೂ ಒಡನಾಟವಿರಲಿಲ್ಲ. ಬಿಸಿಲಿಗೆ ಹೊರಟರೆ ತಲೆಗೆ ರುಮಾಲು ಸುತ್ತಿ ಮುಂದಿನ ಅಂಚನ್ನು ಹಣೆಗೆ ಇಳಿಬಿಡುತ್ತಿದ್ದರು. ಅದಕ್ಕೆ ಅವರು ಚರ್ಮದ ಆರೈಕೆ ಎಂದು ಹೆಸರಿಡಲಿಲ್ಲ, ಅಷ್ಟೆ. ಇನ್ನು 'ಏನೂ ಆಗಲಿಲ್ಲ' ಎನ್ನುವುದು. ಅಂಗಿ ಬಿಚ್ಚಿಸಿ, ಅದೇ ಅಜ್ಜನ ತೋಳಿನ ಒಳಭಾಗ ನೋಡಿ, ಆಮೇಲೆ ಕತ್ತಿನ ಹಿಂಭಾಗ ನೋಡಿ. ವಯಸ್ಸು ಒಂದೇ, ರಕ್ತ ಒಂದೇ, ಉಂಡ ಮುದ್ದೆಯೂ ಒಂದೇ. ಒಂದು ನುಣುಪು, ಇನ್ನೊಂದು ಗೆರೆಗೆರೆ. ನಡುವೆ ಇರುವುದು ಬಿಸಿಲೊಂದೇ.

ಸೋಪಿನ ಈ ಮಾತಿಗೆ ವೈದ್ಯಕೀಯ ದಾಖಲೆಯೂ ಇದೆ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 2012ರಲ್ಲಿ ಅಮೆರಿಕದ ಲಾರಿ ಚಾಲಕರೊಬ್ಬರ ಚಿತ್ರ ಪ್ರಕಟಿಸಿತು. 69 ವರ್ಷ ವಯಸ್ಸು, 28 ವರ್ಷ ಲಾರಿ ಓಡಿಸಿದವರು. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗೆ, ಸುಕ್ಕುಸುಕ್ಕಾಗಿ ಬಲಗೆನ್ನೆಗಿಂತ ಎಷ್ಟೋ ಮುದಿಯಾಗಿ ಕಾಣುತ್ತಿತ್ತು. ಸುಡುವ ಯುವಿಬಿ ಕಿರಣವನ್ನು ಕಿಟಕಿಯ ಗಾಜು ಬಹುಮಟ್ಟಿಗೆ ತಡೆಯುತ್ತದೆ. ಸುಡದೆ ಒಳಗಿಳಿಯುವ ಯುವಿಎಯನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮಲ್ಲಿ ಚಾಲಕರು ಕೂರುವುದು ಬಲಗಡೆ, ಹಾಗಾಗಿ ಬಲಗೆನ್ನೆಯ ಸರದಿ. ಒಬ್ಬರ ಮುಖ ನೋಡಿ ಎಲ್ಲರಿಗೂ ತೀರ್ಪು ಕೊಡಲಾದೀತೇ ಎಂದು ಕೇಳಬಹುದು, ಕೇಳಲೂಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 55 ದಾಟದ 903 ಮಂದಿಯನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟರು. ಕೈಯ ಹಿಂಭಾಗದ ಚರ್ಮದ ಅಚ್ಚು ತೆಗೆದು ನಾಲ್ಕೂವರೆ ವರ್ಷದ ನಂತರ ಹೋಲಿಸಿದಾಗ ದಿನಾ ಹಚ್ಚಿದವರಲ್ಲಿ ಮುಪ್ಪಿನ ಗುರುತು ಶೇ 24ರಷ್ಟು ಕಡಿಮೆ ಇತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಅಲ್ಲಿನವರದು ಬಿಳಿ ಚರ್ಮ. ನಮ್ಮ ಬಣ್ಣವೇ ನಮಗೆ ಕೊಡೆ ಅಲ್ಲವೇ?

ಸೋಪು: ಕೊಡೆ ಹೌದು, ತೂತಿಲ್ಲದ ಕೊಡೆಯಲ್ಲ. 1979ರಲ್ಲಿ ಅಮೆರಿಕದಲ್ಲಿ ಅಳೆದಾಗ ಕಪ್ಪುಜನರ ಚರ್ಮದ ಹೊರಪದರ ಸುಮಾರು 13 ಎಸ್‌ಪಿಎಫ್‌ನಷ್ಟು ರಕ್ಷಣೆ ಕೊಟ್ಟಿತು, ಬಿಳಿಯರದು 3ರ ಆಸುಪಾಸು. ನೀವು ಹೆಚ್ಚಿನವರು ಎರಡರ ನಡುವೆ ಎಲ್ಲೋ ಇದ್ದೀರಿ. ಚರ್ಮದ ಕ್ಯಾನ್ಸರ್ ನಿಮ್ಮಲ್ಲಿ ಅಪರೂಪವಾಗಿರುವುದಕ್ಕೆ ಆ ಬಣ್ಣಕ್ಕೆ ಋಣಿಯಾಗಿರಿ. ಆದರೆ ಕೆನ್ನೆಯ ಬಂಗು, ಮೊಡವೆ ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ, ಹಣೆಯ ಕರಿಛಾಯೆ, ಇವು ಬಣ್ಣವುಳ್ಳ ಚರ್ಮವನ್ನೇ ಹೆಚ್ಚು ಕಾಡುವುದು, ಬಿಸಿಲು ಬಿದ್ದಷ್ಟೂ ಗಾಢವಾಗುವುದು. ಅದರಲ್ಲೂ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತಂಪಗಿದೆ ಎಂದು ಮೋಸ ಹೋಗಬೇಡಿ, ಏಪ್ರಿಲ್ ನಡುಹಗಲಿನಲ್ಲಿ ಯುವಿ ಸೂಚ್ಯಂಕ 10 ದಾಟುವ ಊರು ಅದು.

ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿದರೆ ವಿಟಮಿನ್ ಡಿ ತಪ್ಪಿಹೋಗುತ್ತದೆ ಎಂಬ ಆಕ್ಷೇಪವನ್ನೂ ಮುಂದಿಟ್ಟೆವು. ಸುಟ್ಟಗಾಯ ಅಳೆಯುವ ವೈದ್ಯರ ಲೆಕ್ಕದಲ್ಲಿ ತಲೆ, ಮುಖ, ಕತ್ತು ಎಲ್ಲ ಸೇರಿ ಮೈಯ ಶೇ 9 ಮಾತ್ರ ಎಂದು ಸೋಪು ನೆನಪಿಸಿತು. ಕೈಕಾಲು, ಬೆನ್ನಿಗೆ ಬಿಸಿಲು ತೋರಿಸಲು ಯಾರೂ ಅಡ್ಡಿ ಬಂದಿಲ್ಲ. ದಿನವಿಡೀ ಎಸಿ ಕೋಣೆಯಲ್ಲಿ ಕೂರುವವರು ಕೊರತೆಯ ತಪ್ಪನ್ನು ಸನ್‌ಸ್ಕ್ರೀನಿನ ಮೇಲೆ ಹೊರಿಸುವುದು ಅನ್ಯಾಯ ಎಂಬುದು ನಮ್ಮ ಅಭಿಪ್ರಾಯವೂ ಹೌದು.

ಕ್ರೀಮು ಹಚ್ಚುವುದು ಹೆಂಗಸರ ಕೆಲಸ, ಗಂಡಸಿಗೆ ಒಪ್ಪದು ಎನ್ನುವವರಿಗೆ?

ಸೋಪು: ವಾತ್ಸ್ಯಾಯನನ ಹೆಸರು ಕೇಳಿದರೆ ಗಂಡಸರು ಕಿವಿ ನಿಮಿರಿಸುತ್ತಾರೆ, ಓದುವುದು ಮಾತ್ರ ಆರಿಸಿಕೊಂಡ ಪುಟಗಳನ್ನು. ನಗರವಾಸಿ ಗಂಡಸಿನ ದಿನಚರಿ ಅವನ ಗ್ರಂಥದಲ್ಲೇ ಇದೆ. ಸ್ನಾನ ದಿನಾ, ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆ ಬರುವ ಫೇನಕ ಮೂರು ದಿನಕ್ಕೊಮ್ಮೆ, ಕ್ಷೌರ ನಾಲ್ಕು ದಿನಕ್ಕೊಮ್ಮೆ. ಫೇನಕ ನನ್ನ ಮುತ್ತಾತ. ಗಮನಿಸಿ, ಅವನಿಗೆ ಡ್ಯೂಟಿ ಇದ್ದದ್ದು ಮೂರು ದಿನಕ್ಕೊಮ್ಮೆ. ಇನ್ನು ಕನ್ನಡ ನಾಡನ್ನೇ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಹನ್ನೆರಡನೇ ಶತಮಾನದ ಆ ರಾಜ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ವಿವರಿಸುವಾಗ ಸ್ನಾನಕ್ಕೊಂದು, ಮೈಗೆ ಲೇಪಿಸಿಕೊಳ್ಳುವುದಕ್ಕೊಂದು ಭಾಗ ಇಟ್ಟಿದ್ದಾನೆ. ಅವನ ಗಂಡಸುತನವನ್ನು ಯಾರೂ ಸಂಶಯಿಸಿದಂತೆ ಕಾಣೆ. ಗಂಡಸರ ಚರ್ಮ ದಪ್ಪ, ಜಿಡ್ಡೂ ಜಾಸ್ತಿ ಎನ್ನುವುದು ನಿಜ. ಆದರೆ ದಿನಾ ಬೆಳಗ್ಗೆ ಬ್ಲೇಡು ಎಳೆದು, ಕೂದಲಿನ ಜೊತೆ ಹೊರಪದರವನ್ನೂ ಕೆರೆದು, ಅದರ ಮೇಲೆ ಉರಿಯುವ ಆಫ್ಟರ್‌ಶೇವ್ ಸುರಿದುಕೊಳ್ಳುವುದೂ ಅದೇ ಗಂಡಸು. ಆರೈಕೆ ಬೇಡವೆಂದವನು ಶಿಕ್ಷೆಗೆ ಮಾತ್ರ ತಕರಾರು ಎತ್ತಿಲ್ಲ.

ಹಾಗಾದರೆ ಅಂಗಡಿಯಲ್ಲಿ 'ಫಾರ್ ಮೆನ್' ಎಂದು ಬರೆದಿದ್ದನ್ನೆಲ್ಲ ಕೊಳ್ಳಬೇಕೇ?

ಸೋಪು: ದಯವಿಟ್ಟು ಬೇಡ. ಡಬ್ಬಿಗೆ ಕಪ್ಪು ಬಣ್ಣ ಬಳಿದು ಇದ್ದಿಲಿನ ಹೆಸರು ಬರೆದರೆ ಒಳಗಿನ ಕ್ರೀಮಿಗೆ ಮೀಸೆ ಬರುವುದಿಲ್ಲ. ಗಂಡಸರದೇ ಫೇರ್‌ನೆಸ್ ಕ್ರೀಮು 2005ರಲ್ಲಿ ಪೇಟೆಗೆ ಬಂತು, ಸಿನಿಮಾ ನಟರು ಬಂದು ಮಾರಿದರು. ಬಿಳಿ ಬಣ್ಣದ ಹುಚ್ಚು ಹೆಂಗಸರಿಗೆ ಮೀಸಲು ಎಂಬ ಭ್ರಮೆ ಅಲ್ಲಿಗೆ ಕಳೆಯಿತು. ನನ್ನ ಬೇಡಿಕೆ ಸಣ್ಣದು. ಮುಖದಿಂದ ನನ್ನನ್ನು ವರ್ಗಾಯಿಸಿ, ಆ ಜಾಗಕ್ಕೆ ಪಿಎಚ್ ಐದೂವರೆಯ ಆಸುಪಾಸಿನ, ಪರಿಮಳ ಕಡಿಮೆಯಿರುವ ಒಂದು ಸಾದಾ ಫೇಸ್‌ವಾಶ್ ನೇಮಿಸಿ. ಅದಕ್ಕೂ ರಾತ್ರಿಯೊಮ್ಮೆ ಕೆಲಸ ಸಾಕು, ಜಿಡ್ಡು ಮುಖದವರಿಗೆ ಬೆಳಗ್ಗೆಯೂ ಒಮ್ಮೆ. ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿ, ಪಸೆ ಇರುವಾಗಲೇ ತೆಳ್ಳಗೆ ಮಾಯಿಶ್ಚರೈಸರ್. ಕಲಬುರಗಿ, ವಿಜಯಪುರದ ಚಳಿಗಾಲದ ಒಣಗಾಳಿಗೆ ದಪ್ಪ ಕ್ರೀಮು ಬೇಕಾದೀತು, ಮಂಗಳೂರಿನ ಬೆವರಿಗೆ ಜೆಲ್ ಸಾಕು. ಮೊಡವೆ ಏಳುವ ಮುಖಕ್ಕೆ ಕೊಬ್ಬರಿಎಣ್ಣೆ ಬೇಡ, ಅದು ರಂಧ್ರ ಕಟ್ಟುತ್ತದೆ. ಹೊರಗೆ ಹೊರಡುವ ಮುನ್ನ ಎಸ್‌ಪಿಎಫ್ 30ರ ಸನ್‌ಸ್ಕ್ರೀನು, ಯುವಿಎಗೂ ತಡೆ ಎಂದು ಬರೆದಿರುವಂಥದು. ಎರಡು ಬೆರಳುದ್ದಕ್ಕೆ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. ಕಡಲೆಕಾಳಿನಷ್ಟು ಸವರಿದರೆ ಡಬ್ಬಿಯ ಮೇಲಿನ ಅಂಕಿ ಡಬ್ಬಿಯ ಮೇಲೇ ಉಳಿಯುತ್ತದೆ. ದಿನವಿಡೀ ಬೈಕಿನ ಮೇಲಿರುವ ಡೆಲಿವರಿ ಹುಡುಗರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಟೋನರು, ಸ್ಕ್ರಬ್ಬು, ಏಳು ಬಗೆಯ ಸೀರಮ್ಮು ಯಾವುದೂ ಶುರುವಿನಲ್ಲಿ ಬೇಡ.

ಎಸ್‌ಪಿಎಫ್ 30 ಯುವಿಬಿಯ ಶೇ 97ನ್ನು ತಡೆಯುತ್ತದೆ, 50 ಇದ್ದರೆ ಶೇ 98. ಆ ಒಂದು ಅಂಕಕ್ಕೆ ದುಪ್ಪಟ್ಟು ದುಡ್ಡು ಕೇಳಿದರೆ ಅಗ್ಗದ್ದನ್ನೇ ಧಾರಾಳವಾಗಿ ಹಚ್ಚುವುದು ಜಾಣತನ. ಇಷ್ಟು ಕೇಳಿದ ಮೇಲೆ ನಮಗೆ ಅನಿಸಿದ್ದು, ಗಂಡಸಿನ ಆರೈಕೆ ಎಂದರೆ ಹೊಸ ಕೆಲಸ ಹೊತ್ತುಕೊಳ್ಳುವುದಕ್ಕಿಂತ ಹೆಚ್ಚಾಗಿ ಹಳೆಯ ಹಿಂಸೆ ನಿಲ್ಲಿಸುವುದು. 'ಏನೂ ಮಾಡೋದಿಲ್ಲ' ಎನ್ನುವವನು ನಿಜಕ್ಕೂ ಏನೂ ಮಾಡದಿದ್ದರೆ ಅವನ ಮುಖ ಇಂದಿಗಿಂತ ಚೆನ್ನಾಗಿರುತ್ತಿತ್ತು.

ನಿಮಗಿಂತ ಕೆಟ್ಟದ್ದು ಏನಾದರೂ ಆ ಬಚ್ಚಲುಮನೆಯಲ್ಲಿದೆಯೇ?

ಸೋಪು: ಕನ್ನಡಿಯ ಹಿಂದೆ ಬಚ್ಚಿಟ್ಟ ಟ್ಯೂಬು. ಶೇವಿಂಗ್ ಆದ ಮೇಲೆ ತುರಿಕೆ ಎಂದೋ, ಹುಳುಕಡ್ಡಿ ಎಂದೋ, ಮದುವೆಗೆ ಮುಂಚೆ ಬೆಳ್ಳಗಾಗಲೆಂದೋ ಔಷಧಿ ಅಂಗಡಿಯಲ್ಲಿ ಕೇಳಿ ತಂದದ್ದು. ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಅದು ಸ್ಟೆರಾಯ್ಡು. ಮೊದಲ ವಾರ ಮುಖ ಹೊಳೆಯುತ್ತದೆ, ಕೆಂಪು ಇಳಿಯುತ್ತದೆ, ಮೋಡಿಯೇ ಅದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ ಗುಂಪಾಗಿ ಏಳುತ್ತವೆ, ಬಿಸಿಲು ತಾಗಿದರೆ ಉರಿ. ಹುಳುಕಡ್ಡಿಯಂತೂ ತುರಿಕೆ ಮಾತ್ರ ಅಡಗಿಸಿಕೊಂಡು ಒಳಗೊಳಗೇ ಹಬ್ಬುತ್ತದೆ. ನನ್ನಿಂದ ಕೆನ್ನೆ ಒಣಗಿದರೆ ಒಂದು ಮಾಯಿಶ್ಚರೈಸರಿನಲ್ಲಿ ಸರಿಹೋದೀತು, ಇದರ ಹಾನಿ ಅಷ್ಟು ಸುಲಭಕ್ಕೆ ಮಾಯುವುದಿಲ್ಲ.

ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೆರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಬೆಳ್ಳಗಾಗಿಸುವ ಕ್ರೀಮುಗಳದು ಬೇರೆಯೇ ಕತೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ಕಾಯಿಲೆಯೊಂದಿಗೆ ಬಂದವರ ಜಾಡು ಹಿಡಿದ ವೈದ್ಯರಿಗೆ ಸಿಕ್ಕಿದ್ದು ಪಾದರಸ ಬೆರೆತ ಕ್ರೀಮು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ತಯಾರಕರ ಹೆಸರು, ಒಳಗೇನಿದೆ ಎಂಬ ವಿವರ ಇಲ್ಲದ ಡಬ್ಬಿಯನ್ನು ಇವತ್ತೇ ಬಿಟ್ಟುಬಿಡಿ. ಸ್ಟೆರಾಯ್ಡ್ ಟ್ಯೂಬನ್ನು ಬಹಳ ದಿನದಿಂದ ಮುಖಕ್ಕೆ ಹಚ್ಚುತ್ತಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ಮುಖ ಕೆಂಪೇರಿ ಉರಿ ಮರುಕಳಿಸಬಹುದು. ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಿಸಿಕೊಳ್ಳಿ.