ಫಿಕ್ಸ್ ಗಾಡಿ ಡ್ರೈವರಣ್ಣ

ಕುರುಗೋಡಿನಿಂದ ಬೆಳಗಿನ ಬಳ್ಳಾರಿ ಬಸ್ ಹಿಡಿಯುವವರಿಗೆ ಈ ಅಣ್ಣನ ಪರಿಚಯ ಇದ್ದೇ ಇರುತ್ತದೆ. ಹೆಸರು ಬೇಕಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಯಾವ ಡಿಪೋಗೆ ಹೋದರೂ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಖಾಕಿ ಅಂಗಿ, ಹೆಗಲ ಮೇಲೊಂದು ಟವೆಲ್, ಕೈಯಲ್ಲೊಂದು ಹಳೇ ಬನಿಯನ್. ಟವೆಲ್ ಅವನ ಮುಖಕ್ಕೆ, ಬನಿಯನ್ ಬಸ್ಸಿನ ಮುಖಕ್ಕೆ. ಎರಡರಲ್ಲಿ ದಿನಾ ಒಗೆಸಿಕೊಳ್ಳುವುದು ಬನಿಯನ್ ಮಾತ್ರ.

ಗಾಜು ಒರೆಸಿ, ಟೈರಿಗೊಂದು ಏಟು ಕೊಟ್ಟು ಸದ್ದು ಕೇಳಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೇ ಅವನು ಸೀಟಿಗೆ ಏರುವುದು. ಎದುರಿಗೆ ದೊಡ್ಡಬಸವೇಶ್ವರನ ಪಟ. ಊರ ಗುಡಿಯಲ್ಲಿರುವ ಬಸವಣ್ಣ ಆಳೆತ್ತರವನ್ನೂ ಮೀರಿದ ಕಲ್ಲಿನ ನಂದಿ. ಬಸ್ಸಿನಲ್ಲಿ ಅಂಗೈಯಗಲಕ್ಕೆ ಬಂದು ಕೂತಿದ್ದಾನೆ. ಪಕ್ಕದಲ್ಲಿ ಪುನೀತ್ ರಾಜ್‌ಕುಮಾರ್ ನಗುವ ಸ್ಟಿಕ್ಕರ್, ಮೇಲೆ ಪ್ಲಾಸ್ಟಿಕ್ ಚೆಂಡುಹೂವಿನ ಸರ. ಕನ್ನಡಿಗೆ ಕಟ್ಟಿದ ಕರಿದಾರ ದೃಷ್ಟಿಗೆ. ಇಪ್ಪತ್ತು ಕಡೆ ತಗ್ಗಿದ ತಗಡಿನ ಈ ಬಸ್ಸಿಗೆ ಯಾರ ದೃಷ್ಟಿ ತಾಗೀತು ಎಂದು ಕಂಡಕ್ಟರ್ ಒಮ್ಮೆ ಕೇಳಿದ್ದ. ಆವತ್ತು ಕೋಳೂರು ದಾಟುವವರೆಗೂ ಡ್ರೈವರಣ್ಣ ಅವನ ಸಂಗಡ ಮಾತಾಡಲಿಲ್ಲ.

ಹಾಗಂತ ಬಾಯಿ ಸುಮ್ಮನಿತ್ತು ಅಂತಲ್ಲ. ಬಳ್ಳಾರಿ ಮುಟ್ಟುವವರೆಗಿನ ಸುಮಾರು 30 ಕಿ.ಮೀ. ಅವನು ರಸ್ತೆಯ ಜತೆ ಮಾತಾಡುತ್ತಲೇ ಇರುತ್ತಾನೆ. “ಬಂತು ಭತ್ತದ ಟ್ರ್ಯಾಕ್ಟರು, ಲೈಟಿಲ್ಲ. ಎಡಕ್ಕ ಎಮ್ಮಿ. ಅವ್ವಾ, ನೀ ಮೊದ್ಲು ದಾಟವಾ.” ಅವ್ವ ಎಂದದ್ದು ಎಮ್ಮೆಗೆ. ಮುಂದಿನ ಸೀಟಿನ ಕಾಲೇಜು ಹುಡುಗರು ನಗುತ್ತಾರೆ. ಜಪಾನಿನ ರೈಲು ಚಾಲಕರು ಮಾಡುವುದೂ ಇದನ್ನೇ: ಸಿಗ್ನಲ್ಲಿನತ್ತ ಬೆರಳು ತೋರಿಸಿ, ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾರೆ. 1990ರ ದಶಕದಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಪ್ರಯೋಗ ಮಾಡಿ ನೋಡಿದಾಗ, ಹೀಗೆ ತೋರಿಸಿ ಹೇಳುವವರ ತಪ್ಪುಗಳು ಸುಮಾರು ಶೇ 85ರಷ್ಟು ಇಳಿದಿದ್ದವು. ನಮ್ಮ ಅಣ್ಣನಿಗೆ ಜಪಾನು ಗೊತ್ತಿಲ್ಲ. ಎಮ್ಮೆಗಳು ಗೊತ್ತು.

ಅವನ ಜೀವನದ ದೊಡ್ಡ ದುಃಖ ಅಂದರೆ ಬೇರೆ ಗಾಡಿ.

ಬೆಳಿಗ್ಗೆ ಡಿಪೋಗೆ ಬಂದು ಡ್ಯೂಟಿ ಚೀಟಿಯಲ್ಲಿ ಬೇರೆ ನಂಬರ್ ಕಂಡಿತೋ, ಮುಗಿಯಿತು. ತನ್ನ ಬಸ್ಸು ಅದೇ ಗೇಟಿನಿಂದ ಸಿರುಗುಪ್ಪದ ಬೋರ್ಡು ಹಾಕಿಕೊಂಡು, ಇನ್ಯಾರದೋ ಕೈಯಲ್ಲಿ ಕರಕರ ಗೇರು ಬೀಳಿಸಿಕೊಳ್ಳುತ್ತ ಹೊರಡುವುದನ್ನು ಅವನು ಮದುವೆ ಮಾಡಿ ಕಳಿಸಿದ ಮಗಳನ್ನು ನೋಡುವ ತಂದೆಯ ಹಾಗೆ ನಿಂತು ನೋಡುತ್ತಾನೆ. “ಸೆಕೆಂಡ್ ಗೇರಿಗೆ ಸ್ವಲ್ಪ ತಡದು ಹಾಕಪಾ, ಅದಕ್ಕ ಹಂಗ ರೂಢಿ ಐತಿ” ಎಂದು ಕೂಗುತ್ತಾನೆ. ಹೋದವನಿಗೆ ಕೇಳಿಸದು, ಕೇಳಿಸಿದರೂ ಸಂಜೆ ಅವನ ಕೈಗೆ ಮತ್ತೊಂದು ಗಾಡಿ.

ನಗುವ ವಿಷಯವೇ. ಆದರೆ ಲೆಕ್ಕ ಇರುವುದೂ ಇಲ್ಲೇ. ಹತ್ತು ಜನ ಓಡಿಸುವ ಬಸ್ಸಿನ ಕ್ಲಚ್ಚಿನ ಸದ್ದು ಹತ್ತೂ ಜನಕ್ಕೆ ಕೇಳಿಸುತ್ತದೆ, ನಾಳೆ ಬರುವವನು ದೂರು ಬರೆಸಲಿ ಎಂದು ಹತ್ತೂ ಜನ ಇಳಿದು ಹೋಗುತ್ತಾರೆ. ಕೊನೆಗೆ ಅದು ಮೆಣಸಿನಕಾಯಿ ಮೂಟೆ, ಮದುವೆ ದಿಬ್ಬಣ ಎರಡೂ ಹತ್ತಿರುವ ದಿನವೇ ನೋಡಿ ಸೋಮಸಮುದ್ರದ ಹತ್ತಿರ ನಿಲ್ಲುತ್ತದೆ. ಡೀಸೆಲ್ಲಿನದೂ ಇದೇ ಕತೆ. ಲೀಟರಿಗೆ ಎಷ್ಟು ಕಿ.ಮೀ. ಬಂತು ಎಂಬ ಕೆಎಂಪಿಎಲ್ ಲೆಕ್ಕ ಡಿಪೋದಲ್ಲಿ ಬಿಟ್ಟೂಬಿಡದೆ ನಡೆಯುತ್ತದೆ. ದಿನಕ್ಕೊಬ್ಬ ಓಡಿಸಿದ ಬಸ್ಸಿನ ಕೆಎಂಪಿಎಲ್ ಬಿದ್ದರೆ ಯಾರನ್ನು ಕೇಳುವುದು? ನಮ್ಮ ಅಣ್ಣನೋ, ಮುಂದಿನ ಸ್ಟಾಪಿನ ಬೇವಿನಮರ ಕಾಣುತ್ತಿದ್ದಂತೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬಂದ ಓಟದಲ್ಲೇ ಗಾಡಿ ತಂದು ನಿಲ್ಲಿಸುವ ಜಾತಿ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಬಾಗಿಲವರೆಗೂ ಜನ ತುಂಬಿರುತ್ತಾರೆ; ಆದರೂ ಅವನ ಲೆಕ್ಕ ಹೆಚ್ಚು ಜಾರಿಲ್ಲ.

ಇದನ್ನು ಕಂಡುಕೊಳ್ಳುವ ಡಿಪೋ ಮ್ಯಾನೇಜರೂ ಅಲ್ಲಲ್ಲಿ ಇರುತ್ತಾರೆ. ಅಂಥವರು ಕೆಲಸದ ಪ್ರೀತಿ, ಸಮರ್ಪಣೆ ಎಂದು ಭಾಷಣ ಮಾಡುವುದಿಲ್ಲ. ರೋಟಾದಲ್ಲಿ ಬಸ್ಸಿನ ನಂಬರಿನ ಎದುರು ಅವನ ಹೆಸರು ಬರೆಸಿ ಸುಮ್ಮನಾಗುತ್ತಾರೆ. ಅದಕ್ಕೆ ಫಿಕ್ಸ್ ಗಾಡಿ ಎನ್ನುತ್ತಾರೆ. “ಏನೋ ಗುರ್ ಅಂತೈತ್ರಿ ಸಾಹೇಬ್ರ” ಎಂದು ಅಣ್ಣ ಬಂದರೆ, “ಬರೆಸಿ ಹೋಗು” ಎನ್ನದೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿ ಒಂದು ಸುತ್ತು ಕಳಿಸುತ್ತಾರೆ. ಹೊಸದಾಗಿ ಸೇರಿದ ಹುಡುಗರನ್ನೂ ಒಂದಷ್ಟು ದಿನ ಅವನ ಜತೆ ಹಾಕುತ್ತಾರೆ. ಹುಡುಗರು ಕಾಲು ತೆಗೆಯುವುದನ್ನು ಕಲಿಯುತ್ತಾರೆ, ಜತೆಗೆ ಎಮ್ಮೆಗೆ ಅವ್ವ ಎನ್ನುವುದನ್ನೂ. ಖರ್ಚು? ಮಿರ್ಚಿ, ಒಗ್ಗರಣೆಯ ಎರಡು ಪ್ಲೇಟಿನಷ್ಟೂ ಇಲ್ಲ. ಬೆಂಗಳೂರಿನಲ್ಲಿ ಬಿಎಂಟಿಸಿ ಚಾಲಕರೊಬ್ಬರು ಬಸ್ಸಿನೊಳಗೆ ಹೂಗಿಡದ ಕುಂಡಗಳನ್ನಿಟ್ಟು 2019ರಲ್ಲಿ ಸುದ್ದಿಯಾದರು. ದಿನಾ ಅದೇ ಬಸ್ಸು ಸಿಗದಿದ್ದರೆ ನೀರು ಹಾಕುವವರು ಯಾರು ಹೇಳಿ.

ದುಡ್ಡು ಕೊಟ್ಟು ಪ್ರೀತಿ ಬೆಳೆಸುವ ಪ್ರಯತ್ನವೂ ನಡೆದಿದೆ. ಆಯುಧಪೂಜೆಗೆ ಬಸ್ಸೊಂದಕ್ಕೆ ಕೊಡುತ್ತಿದ್ದ 100 ರೂಪಾಯಿಯನ್ನು ಕೆಎಸ್‌ಆರ್‌ಟಿಸಿ 2024ರಲ್ಲಿ 250ಕ್ಕೆ ಏರಿಸಿತು. ಹಬ್ಬದ ಮುನ್ನಾದಿನ ಬಳ್ಳಾರಿ ಮಾರ್ಕೆಟ್ಟಿನಲ್ಲಿ ಚೆಂಡುಹೂ, ಬೂದಗುಂಬಳ, ಬಾಳೆಕಂಬದ ರೇಟು ಕೇಳಿದವರಿಗೆ ಈ ಔದಾರ್ಯದ ಅಳತೆ ಸಿಕ್ಕೀತು. ಅಣ್ಣ ತನ್ನ ನಿಗಮ ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಳ್ಳುವವನೇ, ಉಳಿದದ್ದಕ್ಕೆ ತನ್ನ ಜೇಬು ಮುಟ್ಟಿಕೊಳ್ಳುವವನೇ. ಮನೆಯವಳ ಸೀರೆ ಮುಂದಿನ ಹಬ್ಬಕ್ಕೆ ಹೋಗುತ್ತದೆ. ಬಸ್ಸಿಗೆ ಮಾತ್ರ ಸೀರಿಯಲ್ ಲೈಟು.

ಪದಕದ ಮಾತೂ ಹೇಳಬೇಕು. ಸಾರಿಗೆ ನಿಗಮಗಳಲ್ಲಿ 5 ವರ್ಷ ಅಪಘಾತ ಮಾಡದ ಚಾಲಕನಿಗೆ ಬೆಳ್ಳಿ ಪದಕ, 15 ವರ್ಷಕ್ಕೆ ಚಿನ್ನದ ಪದಕ. ಬೆಳ್ಳಿ ಅವನ ಅಂಗಿಯ ಮೇಲೆ ಈಗಾಗಲೇ ಇದೆ. ಅದು ಬರುವ ಮುಂಚಿನ ಕೊನೆಯ ತಿಂಗಳು ಬಸ್ಸು ಸಾಗಿದ ರೀತಿಗೆ ಸೈಕಲ್ಲಿನವರು ಬೆಲ್ ಹೊಡೆದು ಮುಂದೆ ಹೋದರಂತೆ. ಚಿನ್ನದ ಗಡುವು ಹತ್ತಿರವಾದಾಗ ನಡೆದುಕೊಂಡು ಹೋಗುವುದೇ ವಾಸಿ ಎಂದು ಪ್ಯಾಸೆಂಜರುಗಳು ಈಗಲೇ ಮಾತಾಡಿಕೊಂಡಿದ್ದಾರೆ.

ವಾರದ ರಜೆ ಬಂದರೆ ಅವನಿಗೆ ಮನೆಯಲ್ಲಿ ಕಾಲು ನಿಲ್ಲದು. ಬಳ್ಳಾರಿಯಲ್ಲಿ ಏನೋ ಕೆಲಸ ಹುಡುಕಿಕೊಂಡು ತನ್ನದೇ ಬಸ್ಸು ಹತ್ತುತ್ತಾನೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕಾಲಿನಡಿ ಇಲ್ಲದ ಬ್ರೇಕು ಒತ್ತುತ್ತಾನೆ. “ಹಂಪ್ ಐತಿ ನೋಡಪಾ... ಕಾಲ್ ತಗಿ, ಕಾಲ್ ತಗಿ.” ಒಮ್ಮೆ ಕೋಳೂರಿನ ಹೊತ್ತಿಗೆ ಬದಲಿ ಡ್ರೈವರ್ ಗಾಡಿ ನಿಲ್ಲಿಸಿ ತಿರುಗಿದ.

“ಅಣ್ಣಾ, ಒಂದಾ ನೀವ್ ಬಂದು ಹೊಡೀರಿ, ಇಲ್ಲಾ ಹಿಂದಿನ ಸೀಟಿಗೆ ಹೋಗ್ರಿ.”

ಹಿಂದಿನ ಸೀಟಿಗೆ ಹೋದ. ಹೋಗುತ್ತಲೇ ಅಲ್ಲಿನ ಕಿಟಕಿ ಗಾಜು ಅಲುಗಾಡುವುದು ಕಣ್ಣಿಗೆ ಬಿತ್ತು. ಬಳ್ಳಾರಿಯಲ್ಲಿ ಇಳಿಯುವ ಮುಂಚೆ ಅದನ್ನೂ ಬದಲಿ ಡ್ರೈವರ್ ಕೈಯಲ್ಲಿ ಬರೆಸಿಯೇ ಬಿಟ್ಟ.