97 ಸಿಸಿಯ ಸುಖ

ಪಕ್ಕದ ಮನೆಯ ಹುಡುಗ ಬುಲೆಟ್ ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಡಬ್ಬಗಳೆಲ್ಲ ನಡುಗುತ್ತವೆ. ನನ್ನ ಸ್ಪ್ಲೆಂಡರ್ ಹೊರಟಿದ್ದು ಹೆಂಡತಿಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅದರ ಮುಖ್ಯ ಉಪಯೋಗವೇ ಇದು.

1994ರಲ್ಲಿ ಬಂದ ಮಾಡೆಲ್ಲು. 97.2 ಸಿಸಿ ಎಂಜಿನ್ನು, ಸುಮಾರು 8 ಕುದುರೆಗಳ ಶಕ್ತಿಯಂತೆ. ಚಾರ್ಮಾಡಿ ಘಾಟಿ ಹತ್ತುವಾಗ ಅವುಗಳಲ್ಲಿ ನಾಲ್ಕಾದರೂ ಹುಲ್ಲು ಮೇಯಲು ಇಳಿದುಹೋಗಿರುತ್ತವೆ. ಸೆಕೆಂಡ್ ಗೇರಿನಲ್ಲಿ ಕುಂಯ್ಯೋ ಎನ್ನುತ್ತಾ ಸಾಗುವಾಗ ಕೆಎಸ್ಸಾರ್ಟಿಸಿ ಬಸ್ಸೂ ಹಿಂದಿಕ್ಕುತ್ತದೆ. ಹಿಂದಿಕ್ಕಲಿ ಬಿಡಿ. ತಿರುವಿನ ಝರಿ, ತಡೆಗೋಡೆ ಮೇಲಿನ ಕೋತಿ, ಕೋತಿಯ ಕೈಯಲ್ಲಿದ್ದ ಯಾರದೋ ಚಿಪ್ಸ್ ಪ್ಯಾಕೆಟ್ಟು, ಎಲ್ಲ ಕಂಡಿದ್ದು ನನಗೇ. ದೊಡ್ಡ ಬೈಕಿನವರು ಕಂಡಿದ್ದು ಸ್ಪೀಡೋಮೀಟರು.

ಇನ್ನು ಹೊರೆಯ ವಿಷಯ. ಗಂಡ, ಹೆಂಡತಿ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು, ಹ್ಯಾಂಡಲಿಗೆ ಹಾಲಿನ ಕ್ಯಾನು. ಕಾನೂನು ಒಪ್ಪುವುದಿಲ್ಲ, ಸ್ಪ್ಲೆಂಡರ್ ಮಾತ್ರ ಚಕಾರವೆತ್ತುವುದಿಲ್ಲ.

ಪೆಟ್ರೋಲು ಮುಗಿದಾಗಲೇ ಅಸಲಿ ಮಜಾ. ಮೊದಲು ನಾಬ್ ರಿಸರ್ವಿಗೆ ತಿರುಗಿಸುವುದು. ಅದೂ ಖಾಲಿಯಾದರೆ ಗಾಡಿಯನ್ನು ಎಡಕ್ಕೆ ವಾಲಿಸಿ, ಚೆನ್ನಾಗಿ ಅಲ್ಲಾಡಿಸಿ ನಿಲ್ಲಿಸುವುದು. ಟ್ಯಾಂಕಿನ ಬಲಬದಿಯಲ್ಲಿ ಅಡಗಿದ್ದ ಒಂದಿಷ್ಟು ಪೆಟ್ರೋಲು ನಾಬ್ ಇರುವ ಎಡಬದಿಗೆ ಬಂದು ಬಂಕ್ ಮುಟ್ಟಿಸುತ್ತದೆ. 2020ರಲ್ಲಿ ಬಿಎಸ್6 ನಿಯಮ ಬಂತು, ಫ್ಯೂಯೆಲ್ ಇಂಜೆಕ್ಷನ್ ಬಂತು, ಹೊಸ ಗಾಡಿಗಳಲ್ಲಿ ಆ ನಾಬೇ ಇಲ್ಲ. ಈಗಿನವರು ತಳ್ಳಲೇಬೇಕು. ತಳ್ಳಲಿ, ಹೆಚ್ಚೆಂದರೆ 110 ಕಿಲೋ ಚಿಲ್ಲರೆ!